ಮೂರು ಲಕ್ಷ ಜನ ಕಂಡ ಹಿತಕಿದ ಬೇಳೆ

ಶಿಡ್ಲಘಟ್ಟ
೨೦ ಜನವರಿ ೨೦೨೫

ಪಂಕಜಾ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಲ್ಲಿ ನೀನೂ ಚೆನ್ನಾಗಿದ್ದೀಯೆ ಎಂದು ಅನಂತರಾಮಯ್ಯಣ್ಣ ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯದಿಂದ ಊಹಿಸಿಕೊಂಡಿದ್ದೇನೆ. ಅವರಿಗೆ ಫೋನ್ ಮಾಡಿ, ಪಂಕಜನಿಗೆ ಕೊಡಿ ಎಂದರೆ ಪ್ರತಿ ಸಲವೂ "ಸ್ನಾನಕ್ಕೆ ಹೋಗಿದಾಳಮ್ಮ" ಅನ್ನುತ್ತಾರೆ. ಬೆಳಿಗ್ಗೆ ಕೇಳಿದರೂ ಸ್ನಾನ, ಸಂಜೆ ಕೇಳಿದರೂ ಸ್ನಾನ. ಗೌರಿಬಿದನೂರಿನಲ್ಲಿ ನೀರಿಗೆ ಅಷ್ಟೊಂದು ಸುಭಿಕ್ಷವೇ?

ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯೆ. ಮೊದಲು ನನಗೆ ಗೊತ್ತೇ ಆಗಲಿಲ್ಲ. ವಾಟ್ಸಾಪಿನಲ್ಲಿ ನಿನ್ನ ಫೋಟೊ ಇದ್ದ ಕಡೆ ಬೂದು ಬಣ್ಣದ ಬೊಂಬೆ ಬಂದಾಗ, ಪಾಪ, ಇವಳ ಫೋನ್ ಕೆಟ್ಟಿರಬೇಕು ಎಂದುಕೊಂಡೆ. ಮೊಮ್ಮಗಳು ಇಫ್ರಾ ನೋಡಿ, "ದಾದಿ, ಫೋನ್ ಕೆಟ್ಟಿಲ್ಲ. ಆಂಟಿ ನಿಮ್ಮನ್ನ ಬ್ಲಾಕ್ ಮಾಡಿದಾರೆ" ಎಂದಳು. ಅವಳೆದುರಿಗೆ ನಕ್ಕುಬಿಟ್ಟೆ. ಆಮೇಲೆ ಒಳಗೆ ಹೋಗಿ ಅತ್ತೆ. ಬಸ್ಸು ಹತ್ತಿ ಬಂದುಬಿಡೋಣ ಎನಿಸಿತು. ಬಾಗಿಲಲ್ಲೂ ಸ್ನಾನಕ್ಕೆ ಹೋಗಿದ್ದಾಳೆ ಎಂದುಬಿಟ್ಟರೆ? ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ. ಅದಕ್ಕೇ ಈ ಕಾಗದ.

ನಡೆದದ್ದನ್ನು ಒಂದು ಸಲ ನನ್ನ ಬಾಯಿಂದ ಕೇಳು. ಹೊಸ ವರ್ಷದ ವಾರ ನಿಮ್ಮ ಮನೆಗೆ ಬಂದಿದ್ದೆ. ಅಡಿಗೆಮನೆಯಲ್ಲಿ ನೆನೆಸಿದ ಅವರೆಕಾಳು ಗುಡ್ಡೆ ಹಾಕಿಕೊಂಡು ಇಬ್ಬರೂ ಹಿತಕುತ್ತಾ ಕುಳಿತಿದ್ದೆವು. ನನ್ನ ಅಡಿಗೆಯ ಪೇಜಿಗೆ ಇರಲಿ ಎಂದು ಫೋನನ್ನು ಡಬ್ಬಕ್ಕೆ ಒರಗಿಸಿ ನಮ್ಮ ಕೈಗಳನ್ನು ಮಾತ್ರ ವಿಡಿಯೊ ಮಾಡಿದೆ. ಅವರೆಕಾಳು ಹಿತಕುವಾಗ ಕೈ ಮಾತ್ರ ಆಡುವುದು ನಮ್ಮ ಸೀಮೆಯಲ್ಲಿ ಎಲ್ಲಾದರೂ ಉಂಟೆ? ನೀನು ಚಿಂತಾಮಣಿಯ ಅತ್ತಿಗೆಯ ಮನೆ ಊಟದ ಸುದ್ದಿ ತೆಗೆದೆ. "ಮಂಗಕ್ಕನ ಸಾರಲ್ಲಿ ಒಂದು ಬೇಳೆ ಸಿಗಬೇಕಾದ್ರೆ ಈಜು ಕಲ್ತಿರ್ಬೇಕು ಕಣೇ" ಎಂದೆ. ನಾನು ನಕ್ಕು ನಕ್ಕು ಕಾಳನ್ನು ಸಿಪ್ಪೆಯ ಬುಟ್ಟಿಗೆ, ಸಿಪ್ಪೆಯನ್ನು ಪಾತ್ರೆಗೆ ಹಾಕಿದೆ.

ಹಿತಕುವಾಗ ಆಡಿದ ಮಾತನ್ನು ಸಿಪ್ಪೆಯ ಜೊತೆಗೇ ಹಸುವಿಗೆ ಹಾಕಿಬಿಡಬೇಕು ಎಂದು ನಿಮ್ಮಮ್ಮ ಹೇಳುತ್ತಿದ್ದರಲ್ಲ, ಹಸುವಿಗೆ ಹಾಕಬೇಕಾದ್ದನ್ನು ನಾನು ಇನ್‌ಸ್ಟಾಗ್ರಾಮಿಗೆ ಹಾಕಿಬಿಟ್ಟೆ. ಮುಖ ಕಾಣದಿದ್ದರೆ ಯಾರೆಂದು ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಮೂವತ್ತು ವರ್ಷ ಹೈಸ್ಕೂಲಿನ ಕೊನೆಯ ಬೆಂಚಿಗೂ ಕೇಳುವಂತೆ ಗಣಿತ ಹೇಳಿದವಳ ದನಿ ಅದು ಎನ್ನುವುದು ನನಗೆ ಹೊಳೆಯಲೇ ಇಲ್ಲ. ನನ್ನ ಪೇಜನ್ನು ನೋಡುತ್ತಿದ್ದವರು ನಮ್ಮ ಬೀದಿಯವರು, ಮೇಲೂರಿನ ನಾಲ್ಕು ಜನ ನೆಂಟರು. ಆ ವಿಡಿಯೊವನ್ನು ಮೂರು ಲಕ್ಷ ಜನ ನೋಡಿದರು! "ಇದು ನಮ್ಮ ಪಂಕಜ ಮೇಡಂ" ಎಂದು ನಿನ್ನ ಹಳೆಯ ಮಕ್ಕಳು ಸಾಲುಗಟ್ಟಿ ಬರೆದರು. ನಿನ್ನ ದನಿಯನ್ನು ಕತ್ತರಿಸಿ ಮಳೆ ನೀರು ನಿಂತ ರಸ್ತೆಯ ವಿಡಿಯೊಗಳಿಗೆಲ್ಲ ಅಂಟಿಸಿದರು. ಮರುದಿನವೇ ವಿಡಿಯೊವನ್ನು ಪೇಜಿನಿಂದ ತೆಗೆದುಹಾಕಿದೆ, ಅಷ್ಟರಲ್ಲಿ ಕೈಮೀರಿತ್ತು. "ಒಂದ್ಸಲ ನೂಲು ಬಿಚ್ಚಿದ್ಮೇಲೆ ಮತ್ತೆ ಗೂಡಿಗೆ ಸುತ್ತೋಕಾಗುತ್ತಾ?" ಎಂದರು ನಮ್ಮ ಯಜಮಾನರು. ರೇಷ್ಮೆಯವರಿಗೆ ಬೇರೆ ಹೋಲಿಕೆ ಸಿಗುವುದಿಲ್ಲ.

ಕೆಳಗೆ ಬರೆದವರೆಲ್ಲ ಒಳ್ಳೆಯದನ್ನೇ ಬರೆದಿದ್ದಾರೆ, ಆ ಚಿಂತೆ ಬೇಡ. ಮಂಗಕ್ಕನವರಿಗೆ ನೋವಾಗಿದ್ದರೆ ಅದು ನನ್ನಿಂದ. ನಿನಗೆ ಆದದ್ದೂ ನನ್ನಿಂದಲೇ. ನಲವತ್ತು ವರ್ಷದ ಸ್ನೇಹ ಒಂದು ಬೋಗುಣಿ ಬೇಳೆಗೆ ಮುಗಿಯಬಾರದು. ಬೈದಾದರೂ ಬರಿ.

ನಿನ್ನ
ಷಮೀಮ್

*

ಗೌರಿಬಿದನೂರು
೨೭ ಜನವರಿ ೨೦೨೫

ಷಮೀಮ್,

ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಬಂದು ಕುಳಿತದ್ದು ೧೯೭೬. ನಲವತ್ತಲ್ಲ, ನಲವತ್ತೊಂಬತ್ತು. ಲೆಕ್ಕದಲ್ಲಿ ಆಗಲೂ ಹೀಗೇ ಇದ್ದೆ.

ಮಂಗಕ್ಕ ಮಾತು ಬಿಟ್ಟಿದ್ದಾರೆ. ಸದ್ಯ ಏನೂ ಬರೆಯಬೇಡ.

ಪಂಕಜ

*

ಶಿಡ್ಲಘಟ್ಟ
೮ ಫೆಬ್ರವರಿ ೨೦೨೫

ಪಂಕಜಾ,

ಬರೆಯಬೇಡ ಎಂದೆ. ಸರಿ, ಬರೆಯದೆ ಹೋಗಿಯೇ ಬಂದೆ. ನಿನ್ನೆ ಚಿಂತಾಮಣಿಗೆ ಹೋಗಿದ್ದೆ.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡೆ. ಬಾಗಿಲು ತೆರೆದು ಮಂಗಕ್ಕನವರೇ ನಿಂತಾಗ ಒಂದೂ ನೆನಪಾಗಲಿಲ್ಲ. ಅವರನ್ನು ಸರಿಯಾಗಿ ನೋಡಿದ್ದು ನಿನ್ನ ಮದುವೆಯಲ್ಲಿ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಗತ್ತು ಮಾತ್ರ ಹಾಗೇ ಇದೆ. "ನಾನು ಷಮೀಮ್, ಶಿಡ್ಲಘಟ್ಟ..." ಎನ್ನುತ್ತಿದ್ದಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓಹೋ, ಈಜೋ ಸಾರಿನೋಳು! ರಾಮ್ಮಾ ರಾ" ಎಂದು ಕೈಹಿಡಿದು ಸೀದಾ ಅಡಿಗೆಮನೆಗೇ ಕರೆದುಕೊಂಡು ಹೋದರು. ಮಣೆ ಹಾಕಿ "ಕೂರ್ಚೋ" ಎಂದರು. ಇನ್ನು ನನಗೆ ಕಾದಿದೆ ಎಂದುಕೊಂಡೆ.

ಒಲೆಯ ಮೇಲಿನ ಪಾತ್ರೆಯನ್ನು ನನ್ನ ಮುಂದೆ ಇಟ್ಟು ನಡುವೆ ಸೌಟು ನೆಟ್ಟರು. ಸೌಟು ನೆಟ್ಟಗೆ ನಿಂತಿತು. "ಬೀಳುತ್ತಾ ನೋಡು. ಬಿದ್ರೆ ಹೇಳು" ಎಂದರು. ಬೀಳಲಿಲ್ಲ. ಹಿತಕಿದ ಬೇಳೆ ಸಾರಲ್ಲ ಅದು, ಗಾರೆ. ನಿನ್ನ ಮಾತು ಕೇಳಿದ ದಿನದಿಂದ ಅವರ ಮನೆಯಲ್ಲಿ ನೀರಿಗೆ ಬರವಂತೆ. ಮೊಮ್ಮಗ ವೇಣು ಮೂಲೆಯಲ್ಲಿ ನಗುತ್ತಿದ್ದ, "ಆಂಟಿ, ನಮಗೆ ಸಾರು ಕಲಸ್ಕೊಳ್ಳೋಕೇ ಆಗ್ತಿಲ್ಲ" ಎಂದ.

ಆಮೇಲೆ ನಿಜ ಸಂಗತಿ ಬಂತು. ನೀನು ಉಂಡ ದಿನ ಹತ್ತು ಜನಕ್ಕೆಂದು ಸಾರು ಮಾಡಿದ್ದರಂತೆ, ಹೇಳದೆ ಕೇಳದೆ ಇನ್ನೊಂದು ಜೀಪಿನ ತುಂಬ ನೆಂಟರು ಬಂದರಂತೆ. "ಅಷ್ಟು ಜನ ಬಂದ್ರೆ ಸಾರು ಕೆರೆ ಆಗ್ದೆ ಇನ್ನೇನಾಗುತ್ತಮ್ಮಾ? ಅವಳೂ ಮದುವೆಯಾದಾಗಿಂದ ನನ್ನೆದುರಿಗೆ ಚೆನ್ನಾಗಿದೆ ಚೆನ್ನಾಗಿದೆ ಅಂತಾನೇ ಉಂಡ್ಳು. ಒಂದ್ಸಲ ಮುಖಕ್ಕೆ ಹೇಳಿದ್ರೆ ಅವತ್ತೇ ಇನ್ನೊಂದು ಹಿಡಿ ಬೇಳೆ ಹಾಕ್ತಿರ್ಲಿಲ್ವಾ? ಮೂರು ಲಕ್ಷ ಜನಕ್ಕೆ ಹೇಳಿದ್ಮೇಲೆ ನಂಗೆ ಗೊತ್ತಾಗ್ಬೇಕಾ?" ಎಂದರು. ಇಲ್ಲಿ ಮಾತ್ರ ಅವರ ದನಿ ಸ್ವಲ್ಪ ಇಳಿಯಿತು ಪಂಕಜಾ. ನಾನು ಅವರ ಕೈ ಹಿಡಿದುಕೊಂಡೆ. ಬೀದಿಯ ಹುಡುಗರು ಅವರನ್ನು ಈಜೋ ಅಜ್ಜಿ ಎಂದು ಕರೆಯುತ್ತಾರಂತೆ. ಅದನ್ನು ಹೇಳುವಾಗ ಮತ್ತೆ ಮುಖ ಅರಳಿತು. ಇಷ್ಟು ವಯಸ್ಸಾದ ಮೇಲೆ ಹೆಸರು ಬಂತಲ್ಲ ಎಂದು ಖುಷಿ.

ಮಾತು ಬಿಟ್ಟಿದ್ದೀರಂತೆ ಎಂದೆ. "ನಾನಾ? ನಾನು ಫೋನ್ ಮಾಡಿದ್ರೆ ಅವಳೇ ಎತ್ತಲ್ಲ! ತಮ್ಮನ್ನ ಕೇಳಿದ್ರೆ ಸ್ನಾನಕ್ಕೆ ಹೋಗಿದಾಳೆ ಅಂತಾನೆ" ಎಂದರು.

ಕೇಳಿದೆಯಾ? ನಿನ್ನ ಅತ್ತಿಗೆಗೆ ಸಿಟ್ಟಿಲ್ಲ. ಈಗಲೇ ಅವರಿಗೆ ಫೋನ್ ಮಾಡು. ಆಮೇಲೆ ನನ್ನ ಬ್ಲಾಕ್ ತೆಗಿ. ಕಾಯುತ್ತಿರುತ್ತೇನೆ.

ಷಮೀಮ್

*

ಶಿಡ್ಲಘಟ್ಟ
೨೫ ಫೆಬ್ರವರಿ ೨೦೨೫

ಪಂಕಜಾ,

ನೀನು ಫೋನ್ ಮಾಡಿ ಗಂಟೆಗಟ್ಟಲೆ ಮಾತಾಡಿದೆ ಎಂದು ಮಂಗಕ್ಕನವರು ಹೇಳಿದರು. ಸಂತೋಷ. ನನ್ನ ಫೋನಿನಲ್ಲಿ ಮಾತ್ರ ಆ ಬೂದು ಬೊಂಬೆಯೇ ಇದೆ.

ನಗರಗೆರೆಯ ಜಬೀನ್ ನೆನಪಿದ್ದಾಳಾ? ಹತ್ತನೇ ಕ್ಲಾಸಿನಲ್ಲಿ ಅವಳನ್ನು ಶಾಲೆ ಬಿಡಿಸಲು ಹೊರಟಾಗ ನೀನು ಮನೆಗೇ ಹೋಗಿ ಜಗಳವಾಡಿದ್ದೆಯಂತೆ. ಈಗ ಮಂಡಿಕಲ್ ಕಡೆಯ ಶಾಲೆಯೊಂದರಲ್ಲಿ ಅವಳೂ ಗಣಿತದ ಮೇಡಂ. ನಿನ್ನ ದನಿ ಕೇಳಿ ಅಡಿಗೆಮನೆಯಲ್ಲಿ ಎದ್ದು ನಿಂತುಬಿಟ್ಟಳಂತೆ, ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೆ. ನಿನ್ನ ನಂಬರು ಕೇಳುತ್ತಿದ್ದಾಳೆ. ಮೇಡಂ ಸ್ನಾನಕ್ಕೆ ಹೋಗಿದ್ದಾರೆ ಎಂದು ಹೇಳಿದ್ದೇನೆ.

ಮಂಗಕ್ಕನವರು ನಗುತ್ತಿದ್ದಾರೆ, ಊರೆಲ್ಲ ನಗುತ್ತಿದೆ. ನಗದವಳು ನೀನೊಬ್ಬಳೇ. ಹಾಗಾದರೆ ನಾನು ಮಾಡಿದ ತಪ್ಪು ಬೇರೆ ಯಾವುದು? ಇನ್ನೇನು ನಮ್ಮ ರೋಜಾ ಶುರುವಾಗುತ್ತದೆ. ಈ ವರ್ಷ ಯುಗಾದಿಯೂ ರಂಜಾನ್ ಹಬ್ಬವೂ ಬೆನ್ನುಬೆನ್ನಿಗೆ ಬರುತ್ತವಂತೆ. ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದರೂ ನಿನ್ನ ಒಬ್ಬಟ್ಟು ಇಲ್ಲಿಗೆ, ನನ್ನ ಶೀರ್ ಖುರ್ಮಾ ಪಾಯಸ ಅಲ್ಲಿಗೆ ತಪ್ಪಿದ್ದಿಲ್ಲ. ಈ ಸಲ ತಪ್ಪುತ್ತದೆಯೆ? ಅಷ್ಟು ಮಾತ್ರ ಹೇಳಿಬಿಡು. ನನಗೆ ತಡೆಯಲಾಗುತ್ತಿಲ್ಲ.

ಷಮೀಮ್

*

ಗೌರಿಬಿದನೂರು
೧ ಮಾರ್ಚ್ ೨೦೨೫

ತಂಗಿ ಷಮೀಮ್‌ಗೆ ಅನಂತರಾಮಯ್ಯನ ಆಶೀರ್ವಾದಗಳು.

ಅಂಚೆ ಇಲಾಖೆಯಲ್ಲಿ ಜೀವಮಾನವೆಲ್ಲ ಇನ್ನೊಬ್ಬರ ಕಾಗದಕ್ಕೆ ಮುದ್ರೆ ಒತ್ತಿದವನು ನಾನು. ನಿವೃತ್ತನಾದ ಮೇಲೆ ನಮ್ಮ ಮನೆಗೆ ಬರುವುದು ಬ್ಯಾಂಕಿನ ಲಕೋಟೆ, ಕರೆಂಟು ಬಿಲ್ಲು. ನಿಮ್ಮ ಕಾಗದ ಬಂದ ದಿನ ಗೇಟಿನಲ್ಲೇ ನಿಂತು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನಿಮ್ಮ ಜಗಳ ಬೇಗ ಮುಗಿಯದಿರಲಿ ಎಂದು ಒಂದು ಗಳಿಗೆ ಅನಿಸಿತು, ಕ್ಷಮಿಸಬೇಕು. ಸ್ನಾನದ ಸುಳ್ಳನ್ನೂ ಕ್ಷಮಿಸಬೇಕು. ಬೇರೆ ಸುಳ್ಳು ನನಗೆ ತೋಚಲಿಲ್ಲ.

ನಿಮ್ಮ ಕಾಗದಗಳನ್ನು ಅವಳು ನನಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಸೌಟಿನ ಭಾಗವನ್ನು ಎರಡು ಸಲ ಓದಿದಳು, ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಎದ್ದು ಒಳಗೆ ಹೋಗುತ್ತಾಳೆ, ಅಷ್ಟೇ.

ನನಗನ್ನಿಸುತ್ತದೆ, ಮಂಗಕ್ಕನ ವಿಷಯ ಬರೀ ನೆಪ. ವಿಡಿಯೊ ಬಂದ ದಿನ ಮಧ್ಯಾಹ್ನದವರೆಗೂ ಅವಳು ಮಕ್ಕಳು ಬರೆದದ್ದನ್ನು ಓದಿಕೊಂಡು ಖುಷಿಯಾಗಿಯೇ ಇದ್ದಳು. ಆಮೇಲೆ ಒಂದು ಕಡೆ ಬೆರಳು ನಿಂತಿತು. "ಇವನಿಗೆ ನಾನು ಪಾಠ ಹೇಳಿದ್ದೆ ಕಣ್ರೀ" ಎಂದಳು. ಮುಖ ಬಿಳಿಚಿಕೊಂಡಿತ್ತು. ಏನೆಂದು ಕೇಳಿದರೆ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ನಿಮಗೇನಾದರೂ ಗೊತ್ತೆ?

ಈ ಕಾಗದ ಬರೆದದ್ದು ಅವಳಿಗೆ ತಿಳಿಯದು. ನಿಮ್ಮಿಬ್ಬರ ರಾಜಿಯಾದರೆ ಕಾಗದಗಳು ನಿಂತುಹೋಗುತ್ತವೆ. ಆಗ ನನಗಾದರೂ ಒಂದು ಬರೆಯಬೇಕೆಂದು ಕೋರಿಕೆ.

ಇತಿ ಶುಭ ಹಾರೈಸುವ
ಅನಂತರಾಮಯ್ಯ

*

ಶಿಡ್ಲಘಟ್ಟ
೬ ಮಾರ್ಚ್ ೨೦೨೫

ಪಂಕಜಾ,

ಅಂದರೆ ನೀನು ಅದನ್ನು ನೋಡಿದ್ದೀಯೆ.

ಯಾರು ಹೇಳಿದರೆಂದು ಕೇಳಬೇಡ. "ಮೇಡಂ ಅಡಿಗೆಮನೇಲಿ ಇವಳಿಗೇನ್ ಕೆಲಸ?" ಎಂದು ಪೇಜಿನ ಮೇಲೆ ನನ್ನ ಹೆಸರು ನೋಡಿ ನರೇಂದ್ರ ಎನ್ನುವವನು ಬರೆದದ್ದು ತಾನೇ? ಅಂದು ಸಂಜೆ ನಾನು ಅದನ್ನು ಓದಿದೆ. ಓದಿದ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ, ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮೊದಲು ಹೊಳೆದದ್ದು, ಇದನ್ನು ಪಂಕಜ ನೋಡಬಾರದು ಎಂದು. ಇಫ್ರಾಳನ್ನು ಕರೆದು ಆ ಕ್ಷಣವೇ ಅಳಿಸಿಸಿದೆ. ಎಲ್ಲರೂ ಒಳ್ಳೆಯದನ್ನೇ ಬರೆದಿದ್ದಾರೆ ಎಂದು ಮೊದಲ ಕಾಗದದಲ್ಲಿ ನಿನಗೆ ಸುಳ್ಳು ಹೇಳಿದ್ದೂ ಅದಕ್ಕೇ.

ನೀನು ಮಧ್ಯಾಹ್ನವೇ ನೋಡಿಬಿಟ್ಟಿದ್ದೆ, ಅಲ್ಲವೆ? ಆ ಮಾತನ್ನು ನೋಡಿ ನೀನು ನನ್ನನ್ನು ದೂರ ಮಾಡಿದೆಯಾ? ನಿನ್ನೆಯಿಂದ ಇದೊಂದೇ ಪ್ರಶ್ನೆ ಕೊರೆಯುತ್ತಿದೆ. ನೀನು ಅಂಥವಳಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ನಿನ್ನ ಬಾಯಿಂದ ಕೇಳಬೇಕು. ರೋಜಾ ಹಿಡಿದವಳನ್ನು ಹೆಚ್ಚು ಕಾಯಿಸಬೇಡ.

ಷಮೀಮ್

*

ಗೌರಿಬಿದನೂರು
೧೪ ಮಾರ್ಚ್ ೨೦೨೫

ನನ್ನ ಷಮೀಮ್,

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ನಕ್ಕೆ. ಯಾಕೆ ನಕ್ಕೆನೆಂದು ಹೇಳಿದರೆ ನೀನು ನನ್ನನ್ನು ಬದುಕಿರುವ ತನಕ ಆಡಿಕೊಳ್ಳುತ್ತೀಯೆ. ಆಡಿಕೊ.

ಆ ಮಾತು ನೋಡಿದಾಗ ನನಗೆ ಹೊಳೆದದ್ದೂ ಒಂದೇ, ಇದನ್ನು ಷಮೀಮ್ ನೋಡಬಾರದು ಎಂದು. ಅದಕ್ಕೇ ನಿನ್ನನ್ನು ವಾಟ್ಸಾಪು, ಇನ್‌ಸ್ಟಾಗ್ರಾಮು ಎರಡರಲ್ಲೂ ಬ್ಲಾಕ್ ಮಾಡಿದೆ! ಒತ್ತಿದ ತಕ್ಷಣ ನನ್ನ ಫೋನಿನಿಂದ ನಿನ್ನ ಪೇಜೇ ಮಾಯವಾಯಿತು. ಸದ್ಯ, ಇನ್ನು ಅವಳಿಗೂ ಕಾಣಿಸುವುದಿಲ್ಲ ಎಂದು ಸಮಾಧಾನಪಟ್ಟುಕೊಂಡೆ. ಪೇಜು ನಿನ್ನದೇ, ನಿನ್ನ ಮನೆಯ ಬಾಗಿಲಿನ ಮೇಲೆ ಬರೆದದ್ದನ್ನು ನಿನ್ನಿಂದ ಮುಚ್ಚಿಡಲು ನಾನು ನನ್ನ ಕಣ್ಣು ಮುಚ್ಚಿಕೊಂಡೆ ಎನ್ನುವುದು ನಿನ್ನ ಕಾಗದ ಓದುವವರೆಗೂ ತಲೆಗೆ ಹೋಗಿರಲಿಲ್ಲ. ಗಣಿತದ ಮೇಡಂ ಅಂತೆ!

ಫೋನ್ ಯಾಕೆ ಎತ್ತಲಿಲ್ಲ ಎಂದರೆ ನಾಚಿಕೆ. ಅವನು ನನ್ನ ಶಿಷ್ಯ, ಷಮೀಮ್. ಮೂರು ವರ್ಷ ನನ್ನೆದುರಿಗೆ ಕುಳಿತಿದ್ದ. ನನ್ನ ದನಿ ಕೇಳಿದರೆ ನಿನಗೆ ತಿಳಿದೇ ಬಿಡುತ್ತದೆ ಎಂದು ಹೆದರಿದೆ. ದಿನ ಕಳೆದಷ್ಟೂ ಹೆದರಿಕೆ ಹೆಚ್ಚಿತು. ನಿನ್ನನ್ನು ಕಾಯುತ್ತಿದ್ದೇನೆ ಎಂದುಕೊಂಡು ನಿನಗೆ ಹೆಚ್ಚು ನೋವು ಕೊಟ್ಟವಳು ನಾನೇ. ಅದನ್ನು ನಿನ್ನಷ್ಟು ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ತಪ್ಪಾಯಿತು ಕಣೇ.

ನರೇಂದ್ರ ಇಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಸಂಜೆ ಮನೆಗೆ ಬಾ ಎಂದು ಹೇಳಿ ಕಳಿಸಿದೆ. ಮೇಡಂ ಕರೆದರೆಂದು ಸೇಬು, ದ್ರಾಕ್ಷಿ ಹಿಡಿದುಕೊಂಡು ನಗುತ್ತಾ ಬಂದ. ಅವನನ್ನು ಅಡಿಗೆಮನೆಯಲ್ಲೇ ಕೂರಿಸಿದೆ. "ನೀನು ಬರೆದದ್ದನ್ನ ಈಗ ಬಾಯಲ್ಲಿ ಹೇಳು. ನೋಡು, ಷಮೀಮ್ ಕೂತಿದ್ದ ಜಾಗ ಅದೇ" ಎಂದೆ. ತಲೆ ಎತ್ತಲಿಲ್ಲ. "ಎಲ್ರೂ ಏನೇನೋ ಬರೀತಿದ್ರು ಮೇಡಂ, ನಾನೂ ಬರೆದೆ. ಗುರುತಿನೋರು ಯಾರೂ ಓದಲ್ಲ ಅಂದ್ಕೊಂಡೆ" ಎಂದ. ನನ್ನ ತರಗತಿಯಲ್ಲಿ ಜೋರಾಗಿ ಒಂದು ಮಾತಾಡದ ಹುಡುಗ ಅವನು. ಬಾಯಿಗೆ ಬಾರದ ಮಾತು ಬೆರಳಿಗೆ ಎಷ್ಟು ಸಲೀಸಾಗಿ ಬಂದಿತ್ತು! ಅಂಗಡಿಯಲ್ಲಿ ದಿನವಿಡೀ ಫೋನೇ ಅವನ ಜಗತ್ತು. ನಮ್ಮ ಜಬೀನಳನ್ನು ಹುಡುಕಿಕೊಟ್ಟದ್ದೂ ಅಂಥದ್ದೇ ಫೋನು. ಹೊಡೆಯಬೇಕು ಎನಿಸಿತ್ತು, ಊಟ ಹಾಕಿ ಕಳಿಸಿದೆ.

ಒಂದು ಶಿಕ್ಷೆಯನ್ನೂ ಕೊಟ್ಟಿದ್ದೇನೆ. ಯುಗಾದಿಯ ಮಧ್ಯಾಹ್ನ ಅವನದೇ ಕಾರಿನಲ್ಲಿ ನನ್ನನ್ನು ಶಿಡ್ಲಘಟ್ಟಕ್ಕೆ ಕರೆತರಬೇಕು. ಒಬ್ಬಟ್ಟು ನನ್ನ ತೊಡೆಯ ಮೇಲಿರುತ್ತದೆ.

ಈ ಕಾಗದ ಮುಗಿಸಿ ಬ್ಲಾಕ್ ತೆಗೆಯುತ್ತೇನೆ. ಕಾಗದ ತಲುಪುವ ಮೊದಲೇ ನನ್ನ ಫೋನ್ ಬಂದಿರುತ್ತದೆ. ಬಂದಿದ್ದರೂ ಇದನ್ನು ಪೂರ್ತಿ ಓದು.

ನಿನ್ನ
ಪಂಕಜ

*

ಶಿಡ್ಲಘಟ್ಟ
೨ ಏಪ್ರಿಲ್ ೨೦೨೫

ಅನಂತರಾಮಯ್ಯಣ್ಣನವರಿಗೆ ಷಮೀಮ್‌ಳ ಸಲಾಮು.

ನಿಮ್ಮಾಕೆ ನಡೆದದ್ದನ್ನೆಲ್ಲ ಆಗಲೇ ಹೇಳಿರುತ್ತಾಳೆ. ಆದರೂ ನೀವು ಕೇಳಿದ ಕಾಗದ ಬಾಕಿ ಇದೆಯಲ್ಲ. ಮೊಣಕಾಲು ನೋವೆಂದು ನೀವು ಹಬ್ಬಕ್ಕೆ ಬರಲಿಲ್ಲ, ನೀವು ಕಳೆದುಕೊಂಡದ್ದೇನು ಎಂದು ಬರೆದು ಹೊಟ್ಟೆ ಉರಿಸುತ್ತೇನೆ.

ಕಾರು ಬಂದು ನಿಂತಾಗ ನಾನು ಬಾಗಿಲಲ್ಲೇ ಇದ್ದೆ. ಪಂಕಜ ಇಳಿದಳು. ದಾರಿಯಲ್ಲಿ ಹೇಳಿಕೊಂಡು ಬಂದದ್ದು ಅವಳಿಗೂ ಮರೆತಿರಬೇಕು, "ತಗೋ, ಬಿಸಿ ಆರಿಹೋಗಿದೆ" ಎಂದು ಡಬ್ಬಿ ನನ್ನ ಕೈಗಿಟ್ಟಳು. ನಾನು ಡಬ್ಬಿಯನ್ನೂ ಅವಳನ್ನೂ ಒಟ್ಟಿಗೆ ತಬ್ಬಿಕೊಂಡೆ. ಒಬ್ಬಟ್ಟು ಸ್ವಲ್ಪ ಮುದುರಿದವು, ರುಚಿ ಕೆಡಲಿಲ್ಲ.

ಸಂಜೆ ಮಸೀದಿಯ ಕಡೆಯಿಂದ ಚಾಂದ್ ಕಾಣಿಸಿತೆಂದು ಕೂಗು ಬಂತು. ಮರುದಿನ ಹಬ್ಬ ಎಂದಾಯಿತು. ಶೀರ್ ಖುರ್ಮಾಕ್ಕೆ ಬಾದಾಮಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಅಡಿಗೆಮನೆಯಲ್ಲಿ ಕುಳಿತೆವು. ಆ ನರೇಂದ್ರ ಹಜಾರದಲ್ಲಿ ನಮ್ಮ ಯಜಮಾನರ ಜೊತೆ ಕುಳಿತಿದ್ದವನು ಮೆಲ್ಲಗೆ ಎದ್ದು ಬಂದು ಅಡಿಗೆಮನೆಯ ಹೊಸಿಲಾಚೆ ನಿಂತ. "ಅಮ್ಮಾ, ನಾನು..." ಎಂದ. ನನಗೆ ಅವನ ಮೇಲೆ ಸಿಟ್ಟು ಪೂರ್ತಿ ಹೋಗಿರಲಿಲ್ಲ ಅಣ್ಣ, ನಿಮ್ಮ ಹತ್ತಿರ ಮುಚ್ಚುಮರೆ ಏನು? ಆದರೆ ಅವನ ಕಣ್ಣಲ್ಲಿ ನೀರಿತ್ತು. "ಒಳಗೆ ಬಾರಪ್ಪ, ಕೂತ್ಕೊ" ಎಂದು ಬಾದಾಮಿಯ ಬಟ್ಟಲನ್ನು ಅವನ ಮುಂದೆ ಸರಿಸಿದೆ. ನೆಂದ ಬಾದಾಮಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಪುಳಕ್ಕನೆ ಆಚೆಗೆ ಬರುತ್ತದೆ, ಅವರೆಕಾಳಿನ ಹಾಗೇ. ಹುಡುಗನ ಕೈ ಚುರುಕಾಗಿತ್ತು. ಎಷ್ಟಾದರೂ ಗೌರಿಬಿದನೂರಿನವನು.

ಪಂಕಜ ಅವನನ್ನೇ ನೋಡುತ್ತಿದ್ದವಳು, ಕೊನೆಯ ಬೆಂಚಿಗೂ ಕೇಳುವ ಆ ದನಿಯಲ್ಲಿ, "ನರೇಂದ್ರ! ಷಮೀಮ್ ಅಡಿಗೆಮನೇಲಿ ನಿನಗೇನೋ ಕೆಲಸ?" ಎಂದಳು.

ಅವನು ಎದ್ದು ನಿಂತ. "ಬಾದಾಮಿ ಹಿತಕೋ ಕೆಲಸ, ಮೇಡಂ" ಎಂದ.

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಪಂಕಜ ನನ್ನ ಹೆಗಲ ಮೇಲೆ ತಲೆಯಿಟ್ಟು ನಕ್ಕಳು, ನಾನು ಅತ್ತುಕೊಂಡೇ ನಕ್ಕೆ, ಅವನು, ಪಾಪ, ಸೆರಗಿಲ್ಲದ್ದಕ್ಕೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ನಕ್ಕ.

ನೋಡಿದರೆ ಇಫ್ರಾ ಮೂಲೆಯಲ್ಲಿ ಫೋನ್ ಹಿಡಿದು ನಿಂತಿದ್ದಾಳೆ. ಕೈಗಳು ಮಾತ್ರ, ಮೂವರದೂ. ಈ ಸಲ ನಾವು ಬುದ್ಧಿ ಕಲಿತಿದ್ದೇವೆ. ಫೋನನ್ನು ಮೊದಲು ನರೇಂದ್ರನಿಗೆ ಕೊಟ್ಟೆವು. ಅವನು ನೋಡಿ, "ಇರ್ಲಿ ಅಮ್ಮಾ" ಎಂದ. ಆಮೇಲೆ ಪಂಕಜ ಕನ್ನಡಕ ಹಾಕಿಕೊಂಡು ಪರೀಕ್ಷೆಯ ಪೇಪರು ತಿದ್ದುವವಳ ಹಾಗೆ ಎರಡು ಸಲ ಕೇಳಿದಳು. ಬುಟ್ಟಿಯಲ್ಲಿದ್ದ ಬಾದಾಮಿ ಸಿಪ್ಪೆಯನ್ನು ನೋಡಿದಳು.

"ಸಿಪ್ಪೆ ಹಸುವಿಗೆ ಹಾಕು. ಮಾತು ಇನ್‌ಸ್ಟಾಗ್ರಾಮಿಗೇ ಇರಲಿ" ಎಂದಳು.

ಹಾಕಿ ಕೈ ತೊಳೆದುಕೊಳ್ಳುವಷ್ಟರಲ್ಲಿ ಮೊದಲ ಕಾಮೆಂಟು ಬಂತು. ಚಿಂತಾಮಣಿಯಿಂದ, ನಿಮ್ಮ ಅಕ್ಕನದು. ವೇಣು ಟೈಪು ಮಾಡಿರಬೇಕು, ಮಾತು ಮಾತ್ರ ಅವರದೇ:

"ಪಾಯಸ ಹೇಗಮ್ಮಾ? ಸೌಟು ನಿಲ್ಲುತ್ತಾ, ಇಲ್ಲಾ ನಾನೂ ಈಜು ಕಲಿತು ಬರ್ಲಾ?"

ನಿಮ್ಮ ತಂಗಿ
ಷಮೀಮ್